ಘಟ್ಟ ಹತ್ತುವಾಗ 16, ಇಳಿಯುವಾಗ 25: ಮೈಲೇಜ್ ಲೆಕ್ಕದ ಒಳಹೊರಗು

ಕುಮಟಾದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು, ದೇವಿಮನೆ ಘಟ್ಟ ಹತ್ತಿ ಶಿರಸಿ ತಲುಪಿದ ಒಂದು ಸಣ್ಣ ಪೆಟ್ರೋಲ್ ಕಾರು ಆ ಸುಮಾರು 60 ಕಿಲೋಮೀಟರ್ ದಾರಿಗೆ 3.75 ಲೀಟರ್ ಕುಡಿಯಿತು ಎಂದಿಟ್ಟುಕೊಳ್ಳೋಣ. ಲೀಟರಿಗೆ 16 ಕಿಲೋಮೀಟರ್ ಆಯಿತು. ಸಂಜೆ ಅದೇ ಕಾರು, ಅದೇ ನಾಲ್ಕು ಜನರನ್ನು ಕೂರಿಸಿಕೊಂಡು, ಅದೇ ದಾರಿಯಲ್ಲಿ ಇಳಿದು ಬರುವಾಗ 2.4 ಲೀಟರಿನಲ್ಲಿ ಕುಮಟಾ ಮುಟ್ಟಿತು. ಈಗ ಲೀಟರಿಗೆ 25 ಆಯಿತು. ಹಾಗಾದರೆ ಆ ಕಾರಿನ ಮೈಲೇಜ್ ಎಷ್ಟು? ಹದಿನಾರನ್ನೂ ಇಪ್ಪತ್ತೈದನ್ನೂ ಕೂಡಿಸಿ ಎರಡರಿಂದ ಭಾಗಿಸಿ 20.5 ಎನ್ನುವುದು ನಮ್ಮಲ್ಲಿ ಹೆಚ್ಚಿನವರಿಗೆ ಥಟ್ಟನೆ ಹೊಳೆಯುವ ಉತ್ತರ. ಆದರೆ ಓಡಿದ ಒಟ್ಟು ದೂರ 120 ಕಿಲೋಮೀಟರ್, ಖರ್ಚಾದ ಪೆಟ್ರೋಲ್ 6.15 ಲೀಟರ್, ಆದ್ದರಿಂದ ಸರಿಯಾದ ಉತ್ತರ 19.5. ಹತ್ತುವಾಗ ಹೆಚ್ಚು ಲೀಟರ್ ಸುಟ್ಟದ್ದರಿಂದ ಒಟ್ಟು ಲೆಕ್ಕದಲ್ಲಿ ಆ ಹದಿನಾರರ ಪಾಲೇ ಹೆಚ್ಚು. ಎರಡು ಉತ್ತರಗಳ ನಡುವಿನ ಅಂತರ ಚಿಕ್ಕದು, ಆದರೆ ಆ ಅಂತರ ಎಲ್ಲಿಂದ ಹುಟ್ಟಿತು ಎಂಬುದನ್ನು ಹಿಡಿದರೆ ಮೈಲೇಜ್ ಕುರಿತ ಅರ್ಧ ಗೊಂದಲ ಅಲ್ಲಿಗೇ ಬಗೆಹರಿಯುತ್ತದೆ. ಮೈಲೇಜ್ ಎನ್ನುವುದು ಗಾಡಿಯೊಂದರ ಒಳಗೆ ಕೂತಿರುವ ಗುಣವಲ್ಲ. ಅದು ಗಾಡಿ, ದಾರಿ ಮತ್ತು ಓಡಿಸುವವನ ಕಾಲು, ಈ ಮೂರೂ ಸೇರಿ ಆಯಾ ದಿನ ಕೊಡುವ ಫಲಿತಾಂಶ. ಸಮುದ್ರಮಟ್ಟವೂ ಘಟ್ಟದ ನೆತ್ತಿಯೂ ಒಂದೂವರೆ ಗಂಟೆಯ ಅಂತರದಲ್ಲಿರುವ ಉತ್ತರ ಕನ್ನಡದಲ್ಲಿ ಇದು ಕಾಣುವಷ್ಟು ಸ್ಪಷ್ಟವಾಗಿ ಬಯಲುಸೀಮೆಯ ನೇರ ರಸ್ತೆಗಳಲ್ಲಿ ಕಾಣುವುದಿಲ್ಲ.

ಪದದ ಬಗ್ಗೆ ಒಂದು ಮಾತು. ಮೈಲಿ ಮತ್ತು ಗ್ಯಾಲನ್‌ಗಳ ಕಾಲದಲ್ಲಿ ಬಂದ ‘ಮೈಲೇಜ್’ ಎಂಬ ಪದ, 1956ರ ತೂಕ ಮತ್ತು ಅಳತೆ ಕಾಯ್ದೆಯ ನಂತರ ದೇಶ ಮೆಟ್ರಿಕ್ ಪದ್ಧತಿಗೆ ಹೊರಳಿದರೂ ಬಾಯಲ್ಲಿ ಹಾಗೆಯೇ ಉಳಿದುಕೊಂಡಿತು. ಹುಬ್ಬಳ್ಳಿ ಕಡೆ ಅದನ್ನೇ ‘ಎವರೇಜ್’ ಎನ್ನುತ್ತಾರೆ, ಸಾರಿಗೆ ಸಂಸ್ಥೆಯ ಡಿಪೋಗಳಲ್ಲಿ ‘ಕೆಎಂಪಿಎಲ್’ (ಲೀಟರಿಗೆ ಎಷ್ಟು ಕಿಲೋಮೀಟರ್) ಎನ್ನುತ್ತಾರೆ. ಹೊರದೇಶದಲ್ಲಿರುವ ನೆಂಟರು ತಮ್ಮ ಕಾರು ನಲವತ್ತು ಕೊಡುತ್ತದೆ ಎಂದಾಗ ಬೆರಗಾಗಬೇಕಿಲ್ಲ. ಅಮೆರಿಕದ ಗ್ಯಾಲನ್ 3.785 ಲೀಟರ್, ಮೈಲಿ 1.609 ಕಿಲೋಮೀಟರ್, ಹಾಗಾಗಿ ಅವರ ನಲವತ್ತು ನಮ್ಮ ಲೆಕ್ಕದಲ್ಲಿ ಲೀಟರಿಗೆ 17 ಕಿಲೋಮೀಟರ್ ಮಾತ್ರ.

ಯುರೋಪಿನ ಹಲವು ದೇಶಗಳು ಈ ಲೆಕ್ಕವನ್ನು ತಿರುವಿ ಹಾಕಿ, 100 ಕಿಲೋಮೀಟರಿಗೆ ಎಷ್ಟು ಲೀಟರ್ ಬೇಕು ಎಂದು ಹೇಳುತ್ತವೆ. ನನ್ನ ಅಭಿಪ್ರಾಯದಲ್ಲಿ ಮನೆಯ ಖರ್ಚು ಲೆಕ್ಕ ಹಾಕುವವರಿಗೆ ಅದೇ ಒಳ್ಳೆಯ ರೀತಿ, ಏಕೆಂದರೆ ಲೀಟರಿಗೆ ಇಷ್ಟು ಕಿಲೋಮೀಟರ್ ಎಂಬ ಲೆಕ್ಕ ಕಣ್ಣಿಗೆ ಮೋಸ ಮಾಡುತ್ತದೆ. ಒಂದು ಉದಾಹರಣೆ ನೋಡೋಣ. ಮನೆಯಲ್ಲಿ ಲೀಟರಿಗೆ 10 ಕೊಡುವ ಹಳೆಯ ಜೀಪ್ ಮತ್ತು 20 ಕೊಡುವ ಕಾರು ಎರಡೂ ಇವೆ, ಎರಡೂ ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುತ್ತವೆ. ಜೀಪಿನ ಬದಲು 12 ಕೊಡುವ ಗಾಡಿ ತರುವುದು ಲಾಭವೋ, ಕಾರಿನ ಬದಲು 25 ಕೊಡುವ ಕಾರು ತರುವುದು ಲಾಭವೋ? ಐದು ಕಿಲೋಮೀಟರ್ ಹೆಚ್ಚಳ ಎರಡು ಕಿಲೋಮೀಟರ್ ಹೆಚ್ಚಳಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ: ಜೀಪಿನ ಖರ್ಚು 100 ಲೀಟರಿನಿಂದ 83ಕ್ಕೆ ಇಳಿದು ಸುಮಾರು 17 ಲೀಟರ್ ಉಳಿಯುತ್ತದೆ, ಕಾರಿನದು 50ರಿಂದ 40ಕ್ಕೆ ಇಳಿದು 10 ಲೀಟರ್ ಉಳಿಯುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸಾಲ್ ಎಂಬ ಇಬ್ಬರು ಸಂಶೋಧಕರು 2008ರಲ್ಲಿ ಈ ಭ್ರಮೆಯ ಬಗ್ಗೆ ಬರೆದು, ಹೆಚ್ಚು ಕುಡಿಯುವ ಗಾಡಿಯಲ್ಲಿ ಆಗುವ ಚಿಕ್ಕ ಸುಧಾರಣೆಯನ್ನು ಜನ ಕಡೆಗಣಿಸುತ್ತಾರೆ ಎಂಬುದನ್ನು ತೋರಿಸಿಕೊಟ್ಟರು. ಅಡಿಕೆ, ಗೊಬ್ಬರ, ಮೀನು ಸಾಗಿಸುವ ಪಿಕ್‌ಅಪ್‌ಗಳ ಮಾಲೀಕರಿಗೆ ಈ ಮಾತು ಬಹಳ ಮುಖ್ಯ. ಅವರ ಗಾಡಿಯಲ್ಲಿ ಒಂದೇ ಒಂದು ಕಿಲೋಮೀಟರ್ ಸುಧಾರಿಸಿದರೂ ಉಳಿಯುವ ಹಣ, ಬೈಕಿನಲ್ಲಿ ಐದು ಕಿಲೋಮೀಟರ್ ಸುಧಾರಿಸಿದಾಗ ಉಳಿಯುವುದಕ್ಕಿಂತ ಹೆಚ್ಚು.

ಈಗ ಆ ಲೀಟರಿನ ಒಳಗೆ ಏನಿದೆ ಎಂದು ನೋಡಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದೆ. ನಮಗೆ ಬರುವ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಅದು ಹೆಚ್ಚುಕಡಿಮೆ 9 ಯೂನಿಟ್. ಡೀಸೆಲ್ ಹೆಚ್ಚು ಸಾಂದ್ರವಾದ ಇಂಧನವಾದ್ದರಿಂದ ಅದರ ಲೀಟರಿನಲ್ಲಿ ಸುಮಾರು 36 ಮೆಗಾಜೂಲ್ ಇರುತ್ತದೆ. ಡೀಸೆಲ್ ಗಾಡಿ ಹೆಚ್ಚು ಮೈಲೇಜ್ ಕೊಡುವುದಕ್ಕೆ ಎಂಜಿನ್ನಿನ ಗುಣ ಒಂದು ಕಾರಣವಾದರೆ ಇದು ಇನ್ನೊಂದು. ಆದರೆ ಪೆಟ್ರೋಲ್ ಎಂಜಿನ್ ಸುಟ್ಟ ಶಕ್ತಿಯಲ್ಲಿ ಮುಕ್ಕಾಲು ಭಾಗದಷ್ಟು ಸೈಲೆನ್ಸರಿನ ಬಿಸಿ ಹೊಗೆಯಾಗಿ, ರೇಡಿಯೇಟರಿನ ಬಿಸಿ ನೀರಾಗಿ, ಒಳಗಿನ ಉಜ್ಜಾಟವಾಗಿ ಹೋಗಿಬಿಡುತ್ತದೆ. ಚಕ್ರದವರೆಗೆ ಬರುವುದು ಸಾಮಾನ್ಯವಾಗಿ ಕಾಲು ಭಾಗ, ಒಳ್ಳೆಯ ಸ್ಥಿತಿಯಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು, ಪೇಟೆಯ ನಿಲ್ಲು-ಹೊರಡು ಓಡಾಟದಲ್ಲಿ ಇನ್ನೂ ಕಡಿಮೆ.

ಹಾಗೆ ಚಕ್ರದವರೆಗೆ ಬಂದ ಶಕ್ತಿಗೆ ನಾಲ್ಕು ಕಡೆ ಖರ್ಚಿದೆ. ಟಯರ್ ನೆಲಕ್ಕೆ ಒತ್ತಿ ಚಪ್ಪಟೆಯಾಗಿ ಮತ್ತೆ ಉಬ್ಬುವುದರಲ್ಲಿ ಸ್ವಲ್ಪ ಹೋಗುತ್ತದೆ, ಗಾಳಿಯನ್ನು ಸೀಳಿಕೊಂಡು ಮುಂದೆ ಸಾಗುವುದಕ್ಕೆ ಸ್ವಲ್ಪ, ಏರು ಹತ್ತುವುದಕ್ಕೆ ಸ್ವಲ್ಪ, ಉಳಿದದ್ದು ಬ್ರೇಕ್ ಒತ್ತಿದಾಗಲೆಲ್ಲ ಬಿಸಿಯಾಗಿ ಹೋಗುತ್ತದೆ. ಜನ ಕೂತ ಮೇಲೆ 1,200 ಕಿಲೋ ತೂಗುವ ಕಾರನ್ನು ತೆಗೆದುಕೊಂಡರೆ, ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಟಯರಿನ ತಡೆ ಸುಮಾರು 140 ನ್ಯೂಟನ್ (ನ್ಯೂಟನ್ ಎಂದರೆ ಬಲದ ಅಳತೆ), ವೇಗ ಎಷ್ಟೇ ಇದ್ದರೂ ಅದು ಹೆಚ್ಚು ಬದಲಾಗುವುದಿಲ್ಲ. ಗಾಳಿಯ ತಡೆ ಮಾತ್ರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 110 ನ್ಯೂಟನ್ ಇದ್ದದ್ದು 80ರಲ್ಲಿ 190, ನೂರರಲ್ಲಿ 300 ಆಗುತ್ತದೆ. ಇವೆಲ್ಲ ಒಂದು ಸಾಧಾರಣ ಸಣ್ಣ ಕಾರಿಗೆ ಹಾಕಿದ ಅಂದಾಜು ಲೆಕ್ಕ; ಎತ್ತರದ ಗಾಡಿಗಳಿಗೆ, ತಲೆಯ ಮೇಲೆ ಕ್ಯಾರಿಯರ್ ಕಟ್ಟಿಸಿಕೊಂಡ ಗಾಡಿಗಳಿಗೆ ಗಾಳಿಯ ಪಾಲು ಇನ್ನೂ ಹೆಚ್ಚು. ಈಗ ಘಟ್ಟಕ್ಕೆ ಬನ್ನಿ. ನೂರು ಮೀಟರ್ ಮುಂದೆ ಹೋದಾಗ ಐದು ಮೀಟರ್ ಮೇಲೇರುವ ರಸ್ತೆಯಲ್ಲಿ ಅದೇ ಕಾರನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 590 ನ್ಯೂಟನ್. ಎಂದರೆ ನೂರರ ವೇಗದಲ್ಲಿ ಎದುರಾಗುವ ಗಾಳಿಯ ತಡೆಯ ಎರಡರಷ್ಟು. ಹೆದ್ದಾರಿಯಲ್ಲಿ ಗಾಡಿಯ ಎದುರಾಳಿ ಗಾಳಿ, ಘಟ್ಟದಲ್ಲಿ ಎದುರಾಳಿ ತೂಕ. ಒಂದೇ ಕಾರು ಒಂದೇ ದಿನ ಈ ಎರಡನ್ನೂ ಎದುರಿಸುವಾಗ ಒಂದೇ ಮೈಲೇಜ್ ಕೊಡಬೇಕೆಂದು ಕೇಳುವುದು ನ್ಯಾಯವಲ್ಲ.

ಘಟ್ಟದ ಲೆಕ್ಕವನ್ನು ಇನ್ನಷ್ಟು ಬಿಡಿಸಿ ನೋಡಬಹುದು, ಅದು ಕಷ್ಟದ್ದೇನಲ್ಲ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. 1,200 ಕಿಲೋ ತೂಕವನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 7 ಮೆಗಾಜೂಲ್. ಎಂಜಿನ್ ಕಾಲು ಭಾಗಕ್ಕಿಂತ ತುಸು ಹೆಚ್ಚನ್ನು ಚಕ್ರಕ್ಕೆ ಕೊಡುತ್ತದೆ ಎಂದಾದರೆ, ಬರೀ ಏರಿಗೆಂದೇ ಸುಡಬೇಕಾದ ಪೆಟ್ರೋಲ್ ಮುಕ್ಕಾಲು ಲೀಟರಿನಷ್ಟು. ಸಮತಟ್ಟಿನಲ್ಲಿ ಲೀಟರಿಗೆ 20 ಕೊಡುವ ಕಾರಿಗೆ 60 ಕಿಲೋಮೀಟರಿಗೆ 3 ಲೀಟರ್ ಬೇಕು. ಅದರ ಮೇಲೆ ಈ ಮುಕ್ಕಾಲು ಲೀಟರ್ ಸೇರಿದರೆ 3.75, ಮೊದಲು ಹೇಳಿದ ಹದಿನಾರು ಬಂದದ್ದು ಹೀಗೆ. ಬೈಕಿನಲ್ಲಿ ಒಬ್ಬರೇ ಹೋದರೆ ಗಾಡಿ ಮತ್ತು ಸವಾರ ಸೇರಿ 180 ಕಿಲೋ ಎಂದು ಹಿಡಿದರೂ ಏರಿನ ಬೆಲೆ ನೂರೈವತ್ತು ಮಿಲಿಲೀಟರಿನ ಒಳಗೇ ಮುಗಿಯುತ್ತದೆ. ಕರಾವಳಿಯಿಂದ ಮೀನಿನ ಪೆಟ್ಟಿಗೆ ತುಂಬಿಕೊಂಡು ಘಟ್ಟ ಹತ್ತುವ ಎರಡೂವರೆ ಟನ್ ತೂಕದ ಡೀಸೆಲ್ ಪಿಕ್‌ಅಪ್ಪಿಗೆ ಅದು ಸುಮಾರು 1.2 ಲೀಟರ್ ಡೀಸೆಲ್. ಮೀನಿನ ಜೊತೆ ಮಂಜುಗಡ್ಡೆಯೂ ಅದರ ನೀರೂ ಘಟ್ಟ ಹತ್ತುತ್ತವೆ ಎಂಬುದನ್ನು ಮರೆಯಬಾರದು. ಘಟ್ಟದಲ್ಲಿ ಪ್ರತಿ ಕಿಲೋಗೂ ಬೆಲೆ ಇದೆ.

ಹತ್ತುವಾಗ ಕೊಟ್ಟ ಆ 7 ಮೆಗಾಜೂಲ್ ಇಳಿಯುವಾಗ ಪೂರ್ತಿ ಏಕೆ ವಾಪಸ್ಸು ಸಿಗುವುದಿಲ್ಲ? ಉತ್ತರ ರಸ್ತೆಯ ಆಕಾರದಲ್ಲಿದೆ. 590 ಮೀಟರಿನ ಇಳಿಜಾರು ಪೂರ್ತಿ 60 ಕಿಲೋಮೀಟರಿಗೆ ಸಮನಾಗಿ ಹರಡಿಕೊಂಡಿದ್ದರೆ ಅದು ನೂರಕ್ಕೆ ಒಂದರ ಇಳಿಜಾರು ಮಾತ್ರ ಆಗುತ್ತಿತ್ತು. ಅಷ್ಟು ಇಳಿಜಾರು ಟಯರಿನ ತಡೆಯನ್ನು ಮೀರುವುದಿಲ್ಲ, ಹಾಗಾಗಿ ವೇಗ ತಗ್ಗಿಸಲೆಂದು ಬ್ರೇಕ್ ಮುಟ್ಟಬೇಕಾಗುತ್ತಿರಲಿಲ್ಲ, ಏರಿಗೆ ಕೊಟ್ಟದ್ದೆಲ್ಲ ಉರುಳುವುದರಲ್ಲೇ ಬಳಕೆಯಾಗುತ್ತಿತ್ತು. ಆದರೆ ನಮ್ಮ ಸಹ್ಯಾದ್ರಿ ಹಾಗಿಲ್ಲ. ಶಿರಸಿಯಿಂದ ರಾಗಿಹೊಸಳ್ಳಿ ದಾಟುವವರೆಗೆ ರಸ್ತೆ ಏರಿ ಇಳಿದು ಹೋಗುತ್ತದೆ, ನಂತರ ಹೆಚ್ಚಿನ ಇಳಿತವೆಲ್ಲ ದೇವಿಮನೆಯ ತಿರುವುಗಳಲ್ಲಿ ಒಮ್ಮೆಲೇ ಬಂದುಬಿಡುತ್ತದೆ, ಕತಗಾಲದಿಂದಾಚೆಗೆ ಮತ್ತೆ ಸಮತಟ್ಟು. ಕಡಿದಾದ ಜಾಗದಲ್ಲಿ ಹೆಚ್ಚಾಗಿ ಸಿಕ್ಕ ಶಕ್ತಿಯನ್ನು ಕೂಡಿಡಲು ಪೆಟ್ರೋಲ್ ಕಾರಿನಲ್ಲಿ ಜಾಗವಿಲ್ಲ. ಅದು ಬ್ರೇಕಿನಲ್ಲಿ ಬಿಸಿಯಾಗಿ ಕರಗುತ್ತದೆ. ಘಟ್ಟದ ಬುಡದಲ್ಲಿ ಲಾರಿಗಳ ಪಕ್ಕ ಮೂಗಿಗೆ ಬಡಿಯುವ ಸುಟ್ಟ ವಾಸನೆ, ಮೇಲೆ ಹತ್ತಲು ಸುಟ್ಟ ಡೀಸೆಲ್ಲಿನದೇ ಉಳಿಕೆ ಎನ್ನಬಹುದು. ವಿದ್ಯುತ್ ವಾಹನಗಳು ಇದರಲ್ಲಿ ಒಂದು ಪಾಲನ್ನು ಮೋಟಾರಿನ ಮೂಲಕ ಬ್ಯಾಟರಿಗೆ ಹಿಂತಿರುಗಿಸುತ್ತವೆ, ಆದ್ದರಿಂದ ಘಟ್ಟದ ಓಡಾಟದಲ್ಲಿ ಅವುಗಳ ಲಾಭ ಇನ್ನೂ ಹೆಚ್ಚು.

ಇಲ್ಲಿ ಒಂದು ತಪ್ಪು ನಂಬಿಕೆಯ ಬಗ್ಗೆ ಕಳಕಳಿಯಿಂದ ಹೇಳಲೇಬೇಕು. ಘಟ್ಟ ಇಳಿಯುವಾಗ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದರೆ ಇಲ್ಲವೇ ಎಂಜಿನ್ ಆಫ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ನಂಬಿರುವವರು ನಮ್ಮಲ್ಲಿ ಬಹಳ. ಕಾರ್ಬುರೇಟರ್ ಇದ್ದ ಕಾಲದಲ್ಲಿ ಆ ಮಾತಿಗೆ ಸ್ವಲ್ಪ ಆಧಾರವಿತ್ತು, ಏಕೆಂದರೆ ಆಗ ಎಂಜಿನ್ ತಿರುಗುತ್ತಿದ್ದಷ್ಟು ಹೊತ್ತೂ ಒಂದಿಷ್ಟು ಇಂಧನವನ್ನು ಎಳೆದುಕೊಳ್ಳುತ್ತಲೇ ಇತ್ತು. ಇಂಧನವನ್ನು ಬೇಕಾದಷ್ಟೇ ಅಳೆದು ಚಿಮ್ಮಿಸುವ ಇಂಜೆಕ್ಷನ್ ಇರುವ ಎಂಜಿನ್ನಿನ ನಡತೆ ಬೇರೆ. ಗಿಯರಿನಲ್ಲಿ ಇಳಿಯುತ್ತಿರುವಾಗ ಆ್ಯಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿದೆ ಎಂಬುದನ್ನು ಗಾಡಿಯ ನಿಯಂತ್ರಕ ಗುರುತಿಸಿ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ವೇಗ ಬಹಳ ತಗ್ಗಿ ಎಂಜಿನ್ ನಿಂತುಹೋಗುವ ಹಂತಕ್ಕೆ ಬಂದಾಗ ಮಾತ್ರ ಮತ್ತೆ ಬಿಡುತ್ತದೆ. ಅದೇ ನ್ಯೂಟ್ರಲ್‌ನಲ್ಲಿದ್ದರೆ ಎಂಜಿನ್ ತನ್ನಷ್ಟಕ್ಕೆ ತಾನೇ ತಿರುಗುತ್ತಿರಬೇಕಾದ್ದರಿಂದ ಸಣ್ಣಗೆ ಪೆಟ್ರೋಲ್ ಸುಡುತ್ತಲೇ ಇರುತ್ತದೆ. ಎಂದರೆ ಇಂದಿನ ಗಾಡಿಯಲ್ಲಿ ಕಡಿದಾದ ಇಳಿಜಾರನ್ನು ಎರಡನೇ ಅಥವಾ ಮೂರನೇ ಗಿಯರಿನಲ್ಲಿ ಇಳಿಯುವುದೇ ಅತಿ ಕಡಿಮೆ ಖರ್ಚಿನ ದಾರಿ. ಅದಕ್ಕಿಂತ ದೊಡ್ಡ ಮಾತೆಂದರೆ, ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಕಾದ ಬ್ರೇಕ್ ಬೇಕಾದಾಗ ಹಿಡಿಯುವುದಿಲ್ಲ. ಎಂಜಿನ್ ಆಫ್ ಮಾಡಿದರೆ ಬ್ರೇಕಿಗೂ ಸ್ಟೀರಿಂಗಿಗೂ ಸಿಗುವ ನೆರವೇ ಹೋಗುತ್ತದೆ. ಅರಬೈಲಿನಲ್ಲಾಗಲಿ ದೇವಿಮನೆಯಲ್ಲಾಗಲಿ ಆ ಉಳಿತಾಯಕ್ಕೆ ಕೈಹಾಕಬೇಡಿ ಎಂದು ಓದುಗರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. 2020ರ ಏಪ್ರಿಲ್ 1ರಿಂದ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕ್ ಮತ್ತು ಸ್ಕೂಟರುಗಳಲ್ಲೂ ಇಂಜೆಕ್ಷನ್ ಬಂದಿದೆ.

ಘಟ್ಟದ ತಿರುವುಗಳಿಂದ ಹೊರಬಂದು ಹೆದ್ದಾರಿ 66 ಸೇರಿದಾಗ ಲೆಕ್ಕ ಬೇರೆಯಾಗುತ್ತದೆ. ಕುಮಟಾದಿಂದ ಅಂಕೋಲಾ ಮೇಲೆ ಕಾರವಾರಕ್ಕೆ ಸುಮಾರು 70 ಕಿಲೋಮೀಟರ್ ಎಂದು ಹಿಡಿಯೋಣ. ಚತುಷ್ಪಥವಾದ ಜಾಗಗಳಲ್ಲಿ ಕಾಲು ತಾನಾಗಿ ಭಾರವಾಗುತ್ತದೆ. ಪೂರ್ತಿ ದಾರಿಯನ್ನು 80ರಲ್ಲಿ ಓಡಿಸಿದರೆ 52 ನಿಮಿಷ, ನೂರರಲ್ಲಿ ಓಡಿಸಿದರೆ 42 ನಿಮಿಷ. ಆ ಹತ್ತು ನಿಮಿಷಕ್ಕಾಗಿ ಪ್ರತಿ ಕಿಲೋಮೀಟರಿಗೆ ಚಕ್ರದಲ್ಲಿ ಬೇಕಾಗುವ ಶಕ್ತಿ ಮೂರನೇ ಒಂದು ಭಾಗದಷ್ಟು ಏರುತ್ತದೆ. ಭಾರ ಹೆಚ್ಚಿದಾಗ ಎಂಜಿನ್ ಸ್ವಲ್ಪ ಹೆಚ್ಚು ದಕ್ಷವಾಗಿ ಕೆಲಸ ಮಾಡುವುದರಿಂದ ಪೆಟ್ರೋಲಿನ ಏರಿಕೆ ಅಷ್ಟಿರದೆ ಕೊಂಚ ಕಡಿಮೆ ಇರುತ್ತದೆ, ಆದರೂ ಜೇಬಿಗೆ ತಿಳಿಯುವಷ್ಟು ಇದ್ದೇ ಇರುತ್ತದೆ. ಊರುಗಳ ಹತ್ತಿರದ ಹಂಪುಗಳದ್ದು ಇನ್ನೊಂದು ಲೆಕ್ಕ. 60ರ ವೇಗದಿಂದ ನಿಂತು ಮತ್ತೆ 60ಕ್ಕೆ ಏರಲು ನಮ್ಮ ಕಾರಿಗೆ ಸುಮಾರು 20 ಮಿಲಿಲೀಟರ್ ಪೆಟ್ರೋಲ್ ಹೆಚ್ಚಾಗಿ ಬೇಕು. ಐವತ್ತು ಬಾರಿ ಹಾಗೆ ಮಾಡಿದರೆ ಒಂದು ಲೀಟರ್ ಹೋಯಿತು. ಹಂಪ್ ಇದೆ ಎಂದು ತಿಳಿದಿರುವ ದಾರಿಯಲ್ಲಿ ಮೊದಲೇ ಕಾಲು ತೆಗೆದು ಗಾಡಿ ತಾನಾಗಿ ನಿಧಾನವಾಗಲು ಬಿಡುವವರ ಮೈಲೇಜ್, ಕೊನೆಯ ಗಳಿಗೆಯಲ್ಲಿ ಬ್ರೇಕ್ ಒತ್ತುವವರದ್ದಕ್ಕಿಂತ ಹೆಚ್ಚಿರುವುದು ಇದೇ ಕಾರಣಕ್ಕೆ.

ಕಂಪನಿಗಳು ಜಾಹೀರಾತಿನಲ್ಲಿ ಹೇಳುವ ಅಂಕಿ ಸುಳ್ಳಲ್ಲ, ಆದರೆ ಅದು ನಮ್ಮ ರಸ್ತೆಯದ್ದಲ್ಲ. 1966ರಲ್ಲಿ ಆರಂಭವಾದ, ವಾಹನಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐ ಸಂಸ್ಥೆಯ ಹೆಸರಿನಲ್ಲಿ ಜನ ಗುರುತಿಸುವ ಆ ಪರೀಕ್ಷೆಯಲ್ಲಿ ಕಾರನ್ನು ರಸ್ತೆಗೆ ಇಳಿಸುವುದಿಲ್ಲ. ಉರುಳುವ ದೊಡ್ಡ ರೋಲರುಗಳ ಮೇಲೆ ನಿಲ್ಲಿಸಿ, ಯುರೋಪಿನ ಹಳೆಯ ಮಾದರಿಯನ್ನು ನಮ್ಮ ವೇಗಕ್ಕೆ ಹೊಂದಿಸಿದ ನಿಗದಿತ ಕ್ರಮದಲ್ಲಿ ಸುಮಾರು 20 ನಿಮಿಷ ಓಡಿಸುತ್ತಾರೆ. ಅದರಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್, ಏಸಿ ಇಲ್ಲ, ಏರು ಇಲ್ಲ, ಮಳೆ ಇಲ್ಲ. ಹೊಗೆಯನ್ನು ಸಂಗ್ರಹಿಸಿ ಅದರಲ್ಲಿರುವ ಇಂಗಾಲದಿಂದ ಎಷ್ಟು ಇಂಧನ ಸುಟ್ಟಿತೆಂದು ಲೆಕ್ಕ ಹಾಕುತ್ತಾರೆ. ಎರಡು ಕಾರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಇದು ಒಳ್ಳೆಯ ವ್ಯವಸ್ಥೆ, ನಿಮ್ಮ ತಿಂಗಳ ಖರ್ಚು ಹೇಳಲು ಅಲ್ಲ. ಸರ್ಕಾರ ಕಂಪನಿಗಳಿಗೆ ಹಾಕಿರುವ ಮಿತಿಯೂ ಇಂಥ ಪರೀಕ್ಷೆಯ ಮೇಲೆಯೇ ನಿಂತಿದೆ. 2022-23ರಿಂದ ಒಂದು ಕಂಪನಿ ಮಾರುವ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಕಿಲೋಮೀಟರಿಗೆ ಸುಮಾರು 113 ಗ್ರಾಂ ಎಂಬ ಗುರಿ ಇದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಇದು ಲೀಟರಿಗೆ 20 ಕಿಲೋಮೀಟರಿನಷ್ಟಕ್ಕೆ ಸಮ.

ಈಚೆಗೆ ಮೈಲೇಜ್ ಕಡಿಮೆಯಾಗಿದೆ ಎಂದು ದೂರುವವರು ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಕಡೆ ಬೆರಳು ತೋರಿಸುತ್ತಾರೆ. ಅದರಲ್ಲಿ ಸತ್ಯಾಂಶವಿದೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನದರ ಮೂರನೇ ಎರಡು ಭಾಗ ಮಾತ್ರ. ನೂರಕ್ಕೆ 20ರಷ್ಟು ಎಥೆನಾಲ್ ಬೆರೆತ ಲೀಟರಿನಲ್ಲಿ ಒಟ್ಟು ಶಕ್ತಿ ಶುದ್ಧ ಪೆಟ್ರೋಲಿಗಿಂತ ಶೇ 6ರಿಂದ 7ರಷ್ಟು ಕಡಿಮೆ. ನೀತಿ ಆಯೋಗದ 2021ರ ಮಾರ್ಗಸೂಚಿಯೂ ಶುದ್ಧ ಪೆಟ್ರೋಲಿಗೆಂದು ರೂಪಿಸಿದ ಕಾರುಗಳಲ್ಲಿ ಶೇ 6-7ರಷ್ಟು, ಅಂಥದೇ ದ್ವಿಚಕ್ರಗಳಲ್ಲಿ ಶೇ 3-4ರಷ್ಟು ಇಳಿಕೆಯನ್ನು ಅಂದಾಜು ಮಾಡಿತ್ತು. ಹೊಸ ಇಂಧನಕ್ಕೆ ಹೊಂದಿಸಿದ ಕಾರುಗಳಲ್ಲಿ ಅದು ಶೇ 1-2. ಹಾಗಾಗಿ 20 ಕೊಡುತ್ತಿದ್ದ ಕಾರು 19 ಕೊಟ್ಟರೆ ಎಥೆನಾಲ್ ಕಾರಣವಿರಬಹುದು, ಹದಿನೈದಕ್ಕೆ ಇಳಿದಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಆ ಬೇರೆ ಕಡೆಗಳಲ್ಲಿ ಮೊದಲನೆಯದು ಟಯರಿನ ಗಾಳಿ. ಒತ್ತಡ ಕಡಿಮೆಯಾದಷ್ಟೂ ಟಯರ್ ಹೆಚ್ಚು ಚಪ್ಪಟೆಯಾಗಿ, ತಡೆ ಹೆಚ್ಚುತ್ತದೆ. ಬಿಸಿಲಿನಲ್ಲಿ ಓಡಿಸಿಕೊಂಡು ಬಂದು ಬಂಕಿನಲ್ಲಿ ನೋಡಿದರೆ ಒತ್ತಡ ಹೆಚ್ಚಾಗಿ ತೋರಿಸುತ್ತದೆ, ಆದ್ದರಿಂದ ಬೆಳಿಗ್ಗೆ ಟಯರ್ ತಣ್ಣಗಿರುವಾಗ, ಚಾಲಕನ ಬಾಗಿಲಿನ ಪಕ್ಕದ ಪಟ್ಟಿಯಲ್ಲಿ ಬರೆದಿರುವಷ್ಟು ಹಾಕಿಸಬೇಕು. ಪೇಟೆಯ ಒಳಗಿನ ಎರಡು ಮೂರು ಕಿಲೋಮೀಟರಿನ ಓಡಾಟ ಇನ್ನೊಂದು ಕಾರಣ. ತಣ್ಣಗಿರುವ ಎಂಜಿನ್ ಬಿಸಿಯೇರುವವರೆಗೆ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಮಳೆಗಾಲದ ಶಿರಸಿಯಲ್ಲಿ ಮನೆಯಿಂದ ಮಾರುಕಟ್ಟೆಗೆ ಹೋಗುವಷ್ಟರಲ್ಲಿ ಅದು ಬಿಸಿಯಾಗಿಯೇ ಇರುವುದಿಲ್ಲ. ಮಳೆಯಲ್ಲಿ ರಸ್ತೆಯ ಮೇಲಿನ ನೀರನ್ನು ಪಕ್ಕಕ್ಕೆ ತಳ್ಳುವ ಕೆಲಸವೂ ಟಯರಿಗೆ ಸೇರುತ್ತದೆ. ಏಸಿ ನಿಧಾನದ ಓಡಾಟದಲ್ಲಿ ಹೆಚ್ಚು ತಟ್ಟುತ್ತದೆ, ಹೆದ್ದಾರಿಯ ವೇಗದಲ್ಲಿ ಕಿಟಕಿ ತೆರೆದಿಡುವುದೂ ಗಾಳಿಯ ತಡೆಯನ್ನು ಹೆಚ್ಚಿಸುತ್ತದೆ.

ಇವೆಲ್ಲವನ್ನೂ ಊಹಿಸುವ ಬದಲು ಅಳೆಯಬಹುದು. ಟ್ಯಾಂಕನ್ನು ಒಂದೇ ಬಂಕಿನಲ್ಲಿ, ಪೈಪ್ ತಾನಾಗಿ ನಿಲ್ಲುವವರೆಗೆ ತುಂಬಿಸಿ ಮೀಟರಿನ ಅಂಕಿ ಬರೆದುಕೊಳ್ಳಬೇಕು; ಮುಂದಿನ ಸಲ ಹಾಗೆಯೇ ತುಂಬಿಸಿ, ಓಡಿದ ದೂರವನ್ನು ಆ ಸಲ ಹಿಡಿಸಿದ ಲೀಟರಿನಿಂದ ಭಾಗಿಸಬೇಕು. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ನಿಯಂತ್ರಕದ ಅಂದಾಜು. ಕೈಲೆಕ್ಕ ಅದಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ. ಒಂದೆರಡು ಬಾರಿಯ ಲೆಕ್ಕ ನಂಬುವಂತಿಲ್ಲ, ನಾಲ್ಕೈದು ಬಾರಿಯದನ್ನು ಒಟ್ಟುಗೂಡಿಸಬೇಕು. ಒಟ್ಟುಗೂಡಿಸುವಾಗ ಮೊದಲು ಹೇಳಿದಂತೆ ಮೈಲೇಜುಗಳನ್ನು ಕೂಡಿಸದೆ ಕಿಲೋಮೀಟರುಗಳನ್ನೂ ಲೀಟರುಗಳನ್ನೂ ಬೇರೆ ಬೇರೆ ಕೂಡಿಸಿ ಕೊನೆಯಲ್ಲಿ ಭಾಗಿಸಬೇಕು. ನಮ್ಮ ಜಿಲ್ಲೆಯವರು ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆದು, ಆ ಟ್ಯಾಂಕ್ ಹೆಚ್ಚಾಗಿ ಓಡಿದ್ದು ಘಟ್ಟದಲ್ಲೋ, ಕರಾವಳಿಯಲ್ಲೋ, ಪೇಟೆಯಲ್ಲೋ ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಘಟ್ಟದ ಸಾಲು ಮಾತ್ರ ಕುಸಿದಿದ್ದರೆ ಆ ಸಲ ಹೇರಿದ ಭಾರವನ್ನು ನೆನಪಿಸಿಕೊಳ್ಳಿ. ಕರಾವಳಿಯ ಸಾಲೂ ಎರಡು ಮೂರು ಬಾರಿ ಸತತವಾಗಿ ಇಳಿದಿದ್ದರೆ ಮೊದಲು ಟಯರಿನ ಗಾಳಿ ನೋಡಿ, ನಂತರ ಬ್ರೇಕ್ ಹೆಚ್ಚು ಒತ್ತದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಅಂಗೈ ಒಡ್ಡಿ, ಮುಟ್ಟದೆ, ಬಿಸಿಯನ್ನು ಹೋಲಿಸಿ. ಉಪ್ಪುಗಾಳಿ ಮತ್ತು ಮಳೆಗೆ ತುಕ್ಕು ಹಿಡಿದು ಬ್ರೇಕ್ ಪೂರ್ತಿ ಬಿಡದೆ ಕೂತಿದ್ದರೆ, ಒಂದು ಚಕ್ರ ಉಳಿದ ಮೂರಕ್ಕಿಂತ ಬಿಸಿಯಾಗಿರುತ್ತದೆ. ಮೆಕ್ಯಾನಿಕ್ ಹತ್ತಿರ ಹೋದಾಗ ಆ ಚಕ್ರ ಯಾವುದೆಂದು ತೋರಿಸಿದರೆ ಸಾಕು.